ಹಿಂದೆ ಇರೋರಿಗೆ ಬೇರೆ ಲೈನು

ಮನೆಗಾಡಿಯ ಹಿಂದಿನ ಕೋಣೆಯಿಂದ
(ಗಾಡಿ ಎಲ್ಲಿ ನಿಂತಿದೆ ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ)
ತಾರೀಖು ಹದಿನಾಲ್ಕು, ಭಾನುವಾರ, ಸುಡು ಮಧ್ಯಾಹ್ನ

ಪ್ರೀತಿಯ ಅತ್ತೆ,

ನಿಮ್ಮ ಸೊಸೆಯ ನಮಸ್ಕಾರಗಳು. ಮೊದಲು ಮಂಡಿಯ ವಿಷಯ ಹೇಳಿ. ನಿಮ್ಮ ಮಗಳ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಹತ್ತಿ ಇಳಿದು ಮತ್ತೆ ಊದಿಕೊಂಡಿದೆಯೇ? ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಇಲ್ಲ ನಮ್ಮ ಮೇಲಿನ ಸಿಟ್ಟಿಗೆ ಅದನ್ನೂ ಬಿಟ್ಟಿದ್ದೀರಾ? ಸಿಟ್ಟು ಬಂದಾಗಲೇ ಅಲ್ಲವೇ ಅತ್ತೆ ಆ ಮಾತ್ರೆ ಬೇಕಾಗುವುದು. ನಿಮ್ಮ ಕಣ್ಣಿನ ಹನಿಯ ಬಾಟಲಿ ಇಲ್ಲೇ ಫ್ರಿಜ್ಜಿನ ಬಾಗಿಲಲ್ಲಿ ಉಳಿದುಬಿಟ್ಟಿದೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ ನಿಮ್ಮ ಮಗ ಬಂದ ಕೆಲಸ ಮರೆತು ಫ್ರಿಜ್ಜು ಮುಚ್ಚಿ ವಾಪಸ್ ಹೋಗುತ್ತಾರೆ. ಹೀಗಾಗಿ ಮೊಸರು ನಾಲ್ಕು ದಿನದಿಂದ ಹಾಗೇ ಇದೆ. ನಾವಿಬ್ಬರೂ ಇಲ್ಲಿ ಕ್ಷೇಮ ಎಂದು ಬರೆಯಬೇಕು, ಅದು ಪದ್ಧತಿ. ಕ್ಷೇಮವಾಗೇನೂ ಇಲ್ಲ.

ಕವರಿನ ಮೇಲೆ ಸ್ಟಾಂಪ್ ಇಲ್ಲ, ಮುದ್ರೆ ಇಲ್ಲ, ಕಳುಹಿಸಿದವರ ವಿಳಾಸವೂ ಇಲ್ಲ ಎಂದು ಇಷ್ಟು ಹೊತ್ತಿಗೆ ನಿಮ್ಮ ಹುಬ್ಬು ಗಂಟಿಕ್ಕಿರುತ್ತದೆ. ಅಂಚೆ ಕಚೇರಿಯ ವಿಂಗಡಣೆ ಕೋಣೆಯಲ್ಲಿ ಕೂದಲು ಹಣ್ಣು ಮಾಡಿಕೊಂಡವರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ ಎಂದು ಗೊತ್ತು. ಅದಕ್ಕೆ ಕಾರಣ ಇದೆ, ಅದನ್ನೂ ಕೊನೆಯಲ್ಲೇ ಹೇಳುತ್ತೇನೆ. ದಯವಿಟ್ಟು ಕೊನೆಯ ಪುಟಕ್ಕೆ ಹಾರಬೇಡಿ. ಪತ್ತೇದಾರಿ ಕಾದಂಬರಿಗಳನ್ನು ನೀವು ಹಿಂದಿನಿಂದ ಓದುವುದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಫೋನ್ ಮಾಡೋಣವೆಂದರೆ ಅದನ್ನು ಸ್ವಿಚ್ ಆಫ್ ಮಾಡಿ ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದೀರಂತೆ. ನಿಮ್ಮ ಮಗಳ ಫೋನಿನಲ್ಲಿ ಮಾತಾಡಿಸಿದರೆ "ರಾಂಗ್ ನಂಬರ್" ಎಂದು ನಿಮ್ಮದೇ ದನಿಯಲ್ಲಿ ಹೇಳಿ ಇಟ್ಟುಬಿಟ್ಟಿರಿ. ಆದರೆ ಹೆಸರು ಬರೆದುಕೊಂಡು ಬಂದ ಕಾಗದವನ್ನು ಓದದೆ ಎಸೆಯುವುದು ಬಾಗಿಲಿಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಎಂದು ನನಗೆ ಹೇಳಿಕೊಟ್ಟವರು ನೀವೇ. ಆ ಒಂದು ಮಾತನ್ನು ನಂಬಿ ಪೆನ್ನು ಹಿಡಿದಿದ್ದೇನೆ.

ನೀವು ಹೋದ ಮೇಲೆ ಗಾಡಿಯಲ್ಲಿ ಒಂದು ಸಾಮಾನೂ ಕೈಗೆ ಸಿಗುತ್ತಿಲ್ಲ. ನಾವು ಮೂವರೂ ಸಂಸಾರ ಹೂಡಿಕೊಂಡು ಊರೂರು ತಿರುಗುವ ಈ ಪುಟ್ಟ ಗಾಡಿಯನ್ನು ನೀವು ವಿಂಗಡಣೆ ಕೋಣೆ ಮಾಡಿ, ಗೋಡೆ ತುಂಬ ಗೂಡು ಹೊಡೆಸಿ, ಒಂದೊಂದು ಗೂಡಿಗೂ ಚೀಟಿ ಅಂಟಿಸಿದಾಗ ನಾನು ಎಷ್ಟು ಗೊಣಗಿದ್ದೆ! "ವಿಳಾಸ ಇಲ್ಲದ್ದು ಮನೇಲಿ ಇರಬಾರದು" ಎನ್ನುತ್ತಿದ್ದಿರಿ. ಸೌಟಿಗೆ ವಿಳಾಸ, ಬೆಂಕಿಪೊಟ್ಟಣಕ್ಕೆ ವಿಳಾಸ, ನನ್ನ ಹೊಲಿಗೆ ಮೆಷಿನ್ನಿನ ಬಾಬಿನ್ನಿಗೂ ವಿಳಾಸ. ಈಗ ಚೀಟಿಗಳೆಲ್ಲ ಅಲ್ಲೇ ಇವೆ, ಸಾಮಾನುಗಳು ಮಾತ್ರ ಊರು ಬಿಟ್ಟಿವೆ. ಮೊನ್ನೆ ಟೀ ಸೋಸುವ ಜರಡಿ ನಿಮ್ಮ ಮಗನ ತೂಕದ ಕಲ್ಲುಗಳ ಪೆಟ್ಟಿಗೆಯಲ್ಲಿ ಸಿಕ್ಕಿತು. ತೂಕದ ಕಲ್ಲೊಂದು ಸಕ್ಕರೆಯಲ್ಲಿ ಸಿಕ್ಕಿತು. ಗಿರಾಕಿಯೊಬ್ಬರ ಪ್ಯಾಂಟನ್ನು ಇನ್ನೊಬ್ಬರ ಅಳತೆಗೆ ಮೊಟಕು ಮಾಡಿಬಿಟ್ಟೆ. ಅವರು ಅದನ್ನು ತೊಟ್ಟುಕೊಂಡು ಬಂದೇ ಜಗಳವಾಡಿದರು, ನನಗೆ ಅವರ ಕಣಕಾಲಿನಿಂದ ಕಣ್ಣು ಕೀಳಲಾಗಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಿಮಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ, ಯಾಕೆಂದರೆ ನಿಮಗೆ ಗೊತ್ತಿರುವುದರಲ್ಲಿ ಅರ್ಧ ತಪ್ಪು. ಗಾಡಿಯ ಮುಂಭಾಗದಲ್ಲಿ, ಅಡುಗೆ ಒಲೆ ಮತ್ತು ನನ್ನ ಹೊಲಿಗೆ ಮೆಷಿನ್ನಿನ ಮೇಲೆ, ಒಂದು ಎಸಿ ಮೊದಲಿನಿಂದಲೂ ಇತ್ತು. ಅದರ ತಂಪು ನಡುವಿನ ಪರದೆಯ ತನಕ ಬಂದು ಅಲ್ಲೇ ಸುಸ್ತಾಗಿ ಕೂರುತ್ತಿತ್ತು. ಹಿಂದೆ ನಿಮ್ಮ ಕೋಣೆ ಬಿಸಿ ಬಾಣಲೆ. ನೀವು ಒದ್ದೆ ಟವೆಲು ತಲೆಗೆ ಸುತ್ತಿಕೊಂಡು "ನಂಗೇನೂ ಸೆಕೆ ಇಲ್ಲ, ನೀವು ಆರಾಮಾಗಿರಿ" ಎನ್ನುತ್ತಿದ್ದಿರಿ. ಆ ಮಾತು ಕೇಳಿದ ಮೇಲೆ ಯಾರು ಆರಾಮಾಗಿರಲು ಸಾಧ್ಯ? ನಿಮ್ಮ ಮಗ ಮೂರು ದಿನ ಅದನ್ನು ಕೇಳಿಸಿಕೊಂಡು ನಾಲ್ಕನೆಯ ದಿನ ಹಳೆ ಸಾಮಾನಿನ ಅಂಗಡಿಯಿಂದ ಇನ್ನೊಂದು ಎಸಿ ಹೊತ್ತು ತಂದು ನಿಮ್ಮ ತಲೆಯ ಮೇಲಿನ ಕಿಂಡಿಯಲ್ಲಿ ಕೂರಿಸಿದರು. ಕೂರಿಸಿ, ಒರೆಸಿ, ಸ್ವಿಚ್ ಒತ್ತಿದರು. ಗಾಡಿಯ ಅಷ್ಟೂ ದೀಪ ಆರಿಹೋಯಿತು.

ಆಗ ಗೊತ್ತಾಯಿತು, ನಮ್ಮ ಗಾಡಿಗೆ ಹೊರಗಿನ ಕಂಬದಿಂದ ಕರೆಂಟು ತರುವುದು ಒಂದೇ ಒಂದು ವೈರು, ಮತ್ತು ಆ ವೈರಿಗೆ ಇಬ್ಬರನ್ನು ಸಾಕುವ ತಾಕತ್ತಿಲ್ಲ ಎಂದು. ಊರೂರು ತಿರುಗಿ ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡುವ ಮನುಷ್ಯ, ಗ್ರಾಂ ವ್ಯತ್ಯಾಸ ಬಂದರೂ ನಿದ್ದೆಗೆಡುವ ಮನುಷ್ಯ, ಸ್ವಂತ ಗಾಡಿಯ ಲೋಡು ಲೆಕ್ಕ ಹಾಕುವುದನ್ನು ಮರೆತಿದ್ದರು! ಸೋಲು ಒಪ್ಪಿಕೊಳ್ಳುವ ಜಾಯಮಾನವೂ ಅವರದಲ್ಲ. ಪಕ್ಕದ ಕಂಬದಿಂದ ಇನ್ನೊಂದು ವೈರು ಎಳೆದರು. ಆ ಎರಡೂ ಕಂಬಕ್ಕೆ ತಾಯಿಬೇರು ಒಂದೇ ಎಂದು ಅವರಿಗೇನು ಗೊತ್ತು. ಗಾಡಿಗಳು ತಂಗುವ ಇಡೀ ಯಾರ್ಡು ಕತ್ತಲಾಯಿತು, ಪಕ್ಕದ ಐಸ್‌ಕ್ರೀಮ್ ಗಾಡಿಯವನ ಫ್ರೀಜರೂ ನಿಂತಿತು, ಅವನು ಊಟ ಮುಗಿಸಿ ಬರುವಷ್ಟರಲ್ಲಿ ಐಸ್‌ಕ್ರೀಮೆಲ್ಲ ಪಾಯಸ. ನೀವು ಲೋಟ ಹಿಡಿದುಕೊಂಡು ಹೋಗಿ "ಚೆಲ್ಲಬಾರ್ದು ಕಣಪ್ಪ" ಎಂದು ಅವನನ್ನು ಸಮಾಧಾನ ಮಾಡುತ್ತಲೇ ಮೂರು ಬಗೆ ರುಚಿ ನೋಡಿದಿರಿ. ಆಮೇಲೆ ಜನರೇಟರ್ ಬಂತು. ಅದರ ಗದ್ದಲಕ್ಕೆ ನಾನು "ಟೀ ಬೇಕಾ" ಎಂದರೆ ನೀವು "ಯಾರು ಸತ್ರು" ಎಂದಿರಿ. ಯಾರ್ಡಿನ ಉಸ್ತುವಾರಿಯವನು ಓಡಿ ಬಂದು ಅದನ್ನು ಅವತ್ತೇ ಹೊರಗೆ ಹಾಕಿಸಿದ.

ಕಡೆಗೆ ಉಳಿದದ್ದು ಕೂಗುವ ಪದ್ಧತಿ. ಮುಂದಿನ ಎಸಿ ಆಫ್ ಮಾಡಿದರೆ ಹಿಂದಿನದು ಆನ್. ಇಸ್ತ್ರಿ ಪೆಟ್ಟಿಗೆ ಹಚ್ಚಿದರೆ ಎರಡೂ ಆಫ್. ಯಾರು ಏನು ಹಚ್ಚಿದರೂ ಮೊದಲು ಕೂಗಿ ಹೇಳಬೇಕು. ನಾನು "ಇಸ್ತ್ರಿ!" ಎಂದರೆ ನೀವು ಹಿಂದಿನಿಂದ "ನಾನು ಆಫ್!" ಎನ್ನುತ್ತಿದ್ದಿರಿ. ಬಟ್ಟೆ ಅಳತೆ ಕೊಡಲು ಬಂದ ಹೆಂಗಸೊಬ್ಬರು ಅದನ್ನು ಕೇಳಿ "ನಿಮ್ಮತ್ತೆಗೆ ಹುಷಾರಿಲ್ವಾ?" ಎಂದು ಪಿಸುಗುಟ್ಟಿದ್ದು ನಿಮಗೆ ಹೇಳಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿರಲಿಲ್ಲವೇ. ಈಗ ನಾನು "ಇಸ್ತ್ರಿ!" ಎಂದು ಕೂಗಿ ಸುಮ್ಮನೆ ಕಾಯುತ್ತೇನೆ. ಹಿಂದಿನಿಂದ ಉತ್ತರ ಬರುವುದಿಲ್ಲ ಎಂದು ನೆನಪಾಗುವಷ್ಟರಲ್ಲಿ ಬಟ್ಟೆಗೆ ಕಂದು ಕಲೆ ಬಿದ್ದಿರುತ್ತದೆ.

ಇಷ್ಟಾದ ಮೇಲೆ ಬಂದವರು ವೈರಿಂಗ್ ಕೆಲಸದ ಕರೆಂಟಣ್ಣ. ಅವರು ಬಂದಾಗ ನೀವು ಮಲಗಿದ್ದಿರಿ, ಹಾಗಂತ ನಾವು ಅಂದುಕೊಂಡಿದ್ದೆವು. ಹೀಗಾಗಿ ಅವರ ಪರಿಚಯ ನಿಮಗಾಗಲಿಲ್ಲ, ಎಲ್ಲ ಅನಾಹುತಕ್ಕೂ ಅದೇ ಮೂಲ. ಆ ಮನುಷ್ಯ ಯಂತ್ರಗಳಿಗೆ ಬಹುವಚನ ಹಚ್ಚುತ್ತಾರೆ, ಅತ್ತೆ. ಫ್ಯಾನು ತಿರುಗದಿದ್ದರೆ "ಇವರು ಯಾಕೋ ಬೇಜಾರಾಗಿದಾರೆ" ಎನ್ನುತ್ತಾರೆ. ಮೋಟರು ಸುಟ್ಟರೆ "ಹೋಗ್ಬಿಟ್ರು, ಪಾಪ" ಎಂದು ಟೋಪಿ ತೆಗೆಯುತ್ತಾರೆ. ಕೆಲಸ ಕಲಿಸಿದ ಗುರುಗಳು "ಕರೆಂಟಿನ ಹತ್ರ ಮರ್ಯಾದೆ ಬಿಟ್ಟು ಮಾತಾಡಿದ್ರೆ ಹೊಡೀತಾರೆ" ಎಂದಿದ್ದರಂತೆ. ಗುರುಗಳೇ ಹೊಡೆಯುತ್ತಾರೋ ಕರೆಂಟು ಹೊಡೆಯುತ್ತದೋ ಎಂದು ಕೇಳಲು ಧೈರ್ಯವಾಗದೆ ಅಂದಿನಿಂದ ಎಲ್ಲಕ್ಕೂ ಬಹುವಚನವಂತೆ. ಯಂತ್ರಕ್ಕೆ ಈ ಪಾಟಿ ಗೌರವ ಕೊಡುವವರು ಹೆಂಡತಿಯನ್ನು ಫೋನಿನಲ್ಲಿ "ಏನೇ" ಎನ್ನುತ್ತಾರೆ, ಅದು ಬೇರೆ ಮಾತು. ಅವರ ಜೊತೆ ಅರ್ಧ ಗಂಟೆ ಮಾತಾಡಿದರೆ ಸಾಕು, ನಮ್ಮ ಬಾಯಲ್ಲೂ ಅದೇ ಬರತೊಡಗುತ್ತದೆ. ನನ್ನ ಬಾಯಲ್ಲೂ ಬಂತು.

ಆವತ್ತು ಅವರು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದರು, ಎರಡು ಕಾಲು ಮಾತ್ರ ಹೊರಗೆ. ನಾವಿಬ್ಬರೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವರ ಚಪ್ಪಲಿಗಳ ಜೊತೆ ಮಾತಾಡುತ್ತಿದ್ದೆವು. ವೈರು ತೂರಿಸಲು ನಿಮ್ಮ ಮಂಚದ ಕೆಳಗೆ ಅವರು ಆಗಷ್ಟೇ ಒಂದು ತೂತು ಕೊರೆದಿದ್ದರು. ಆ ತೂತಿನಿಂದ ನಮ್ಮ ಮಾತು ನೇರವಾಗಿ ನಿಮ್ಮ ದಿಂಬಿಗೆ ತಲುಪುತ್ತಿತ್ತು ಎಂದು ನಮಗೆ ಹೊಳೆಯಲೇ ಇಲ್ಲ. ನೀವು ಕೇಳಿಸಿಕೊಂಡದ್ದನ್ನು ಒಂದಕ್ಷರ ಬಿಡದೆ ಮಗಳಿಗೆ ಹೇಳಿದ್ದೀರಂತೆ. ಅವಳು ನನಗೆ ಹೇಳಿದಳು. ಒಂದೊಂದನ್ನೂ ಇಲ್ಲಿ ಬರೆಯುತ್ತೇನೆ, ನಿಮ್ಮ ಕಿವಿಯಲ್ಲಿ ತಪ್ಪಿಲ್ಲ, ಕೇಳಿಸಿದ್ದೆಲ್ಲ ನಿಜ.

"ಹಿಂದೆ ಇರೋರಿಗೆ ವಯಸ್ಸಾಯ್ತು ಸಾರ್" ಎಂದರು ಕರೆಂಟಣ್ಣ. ಅದು ಹಳೆ ಸಾಮಾನಿನ ಅಂಗಡಿಯಿಂದ ತಂದ ಎಸಿ, ಅತ್ತೆ. "ಶುರು ಮಾಡುವಾಗ ಮೂರು ಪಟ್ಟು ಎಳೀತಾರೆ, ಆಮೇಲೆ ತಣ್ಣಗಾಗ್ತಾರೆ" ಎಂದರು. ಎಸಿ ಶುರುವಾಗುವ ಕ್ಷಣದಲ್ಲಿ ಕರೆಂಟು ಜಾಸ್ತಿ ಎಳೆಯುತ್ತದಂತೆ. ನೀವು ಜಗಳ ಶುರು ಮಾಡುವ ರೀತಿಗೆ ಇದು ಹೊಂದುತ್ತದೆ, ಒಪ್ಪುತ್ತೇನೆ, ಆದರೆ ಅವರು ಹೇಳಿದ್ದು ಎಸಿಗೆ. "ಬೆಳಗಿನ ತನಕ ಗೊರಗೊರ ಅಂತಾರೆ, ನಿದ್ದೆ ಬರಲ್ಲ" ಎಂದವಳು ನಾನೇ, ಅದೂ ಎಸಿಗೆ. ನಿಮ್ಮ ಗೊರಕೆ ನನಗೆ ಅಭ್ಯಾಸವಾಗಿ ವರ್ಷಗಳಾದವು, ಈಗ ಅದಿಲ್ಲದೆ ನಿದ್ದೆ ಬರುತ್ತಿಲ್ಲ. "ಸುಮ್ ಸುಮ್ನೆ ನೀರು ಸುರಿಸ್ತಾರೆ, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ ಅಮ್ಮ" ಎಂದು ಅವರು ನನಗೆ ಸಮಾಧಾನ ಹೇಳಿದ್ದು ಎಸಿಯ ಹಿಂದಿನ ಕೊಳವೆಯಿಂದ ತೊಟ್ಟಿಕ್ಕುವ ನೀರಿಗೆ. ನೀವು ಹಿಂದಿನ ದಿನವಷ್ಟೇ ರೇಡಿಯೋ ನಾಟಕ ಕೇಳಿ ಅತ್ತಿದ್ದಿರಿ ಎಂದು ಅವರಿಗೇನು ಗೊತ್ತು? ನಿಮ್ಮ ಮಗ "ಹಾಗಾದ್ರೆ ತೆಗೆದೇ ಹಾಕೋಣ್ವಾ?" ಎಂದು ಕೇಳಿದ್ದೂ ನಿಜ. "ಛೆ, ಇನ್ನೂ ಒಂದೆರಡು ಬೇಸಿಗೆ ಬರ್ತಾರೆ. ಲೋಡ್ ಜಾಸ್ತಿ ಆಗಿದೆ ಅಷ್ಟೆ. ಮುಂದೆ ಇರೋರು ಹಿಂದೆ ಇರೋರು ಇಬ್ರೂ ಒಂದೇ ಲೈನಲ್ಲಿ ಬಾಳೋದು ಆಗದ ಮಾತು. ಹಿಂದೆ ಇರೋರನ್ನ ಬೇರೆ ಮಾಡಿಬಿಡಿ, ಮನೆ ತಣ್ಣಗಿರುತ್ತೆ" ಎಂದು ಅವರು ಹೇಳಿದ್ದೂ ನಿಜ. ಆಗ ಈ ನಿಮ್ಮ ಸೊಸೆ, ಬಾಯಿಗೆ ಬೀಗ ಇಲ್ಲದವಳು, ಇಡೀ ಯಾರ್ಡಿಗೆ ಕೇಳುವ ಹಾಗೆ "ಇವತ್ತೇ ಬೇರೆ ಮಾಡಿಬಿಡಿ ಅಣ್ಣ, ನಂಗೂ ಸಾಕಾಗಿದೆ, ಇವರು ಶುರು ಮಾಡಿದ್ರೆ ನನ್ನ ಕೆಲಸ ಎಲ್ಲಾ ನಿಂತೋಗುತ್ತೆ" ಎಂದಳು.

ಇಸ್ತ್ರಿ ನಿಂತುಹೋಗುತ್ತದೆ ಎಂದರ್ಥ, ಅತ್ತೆ. ಇಸ್ತ್ರಿ.

ಸ್ವಲ್ಪ ಹೊತ್ತಿಗೆ ನೀವು ಟ್ರಂಕು ಎಳೆದುಕೊಂಡು ಬಾಗಿಲಿಗೆ ಬಂದಿರಿ. ಮುಖ ಊದಿತ್ತು, ಸೆಕೆಗೆ ಎಂದುಕೊಂಡೆವು. "ನಾನು ಮಗಳ ಮನೆಗೆ ಹೋಗ್ತೀನಿ. ನಿಮ್ಮ ಲೋಡ್ ಇಳಿಸ್ತಾ ಇದೀನಿ" ಎಂದಿರಿ. ಆಗಲಾದರೂ ನಿಮ್ಮ ಮಗನಿಗೆ ಅನುಮಾನ ಬರಬೇಕಿತ್ತೋ ಬೇಡವೋ? ಬರಲಿಲ್ಲ. ವೈರಿಂಗ್ ಮುಗಿಯುವ ತನಕ ಹಿಂದಿನ ಕೋಣೆ ಖಾಲಿಯಿದ್ದರೆ ಅನುಕೂಲ ಎಂದು ಅಮ್ಮ ತಾನಾಗಿಯೇ ಯೋಚಿಸಿದ್ದಾಳೆ ಎಂದು ಖುಷಿಯಾಗಿ "ಹ್ಞೂಂ ಅಮ್ಮ, ಒಳ್ಳೇದೇ ಆಯ್ತು, ನಾನೇ ಹೇಳೋಣ ಅಂತಿದ್ದೆ" ಎಂದರು. ಟ್ರಂಕು ಹೊತ್ತು ಬಸ್ಸಿಗೂ ಹತ್ತಿಸಿದರು. ಕಿಟಕಿಯಲ್ಲಿ ಸೀಟು ಹಿಡಿದುಕೊಟ್ಟು, ನೀವು ಆ ಕಡೆ ಮುಖ ತಿರುಗಿಸಿ ಕೂತದ್ದನ್ನು ನೋಡಿ, ಅಮ್ಮ ಗಾಳಿಗೆ ಮುಖ ಒಡ್ಡಿದ್ದಾಳೆ ಎಂದುಕೊಂಡು ಟಾಟಾ ಮಾಡಿ ಬಂದರು. ಇಂಥವರನ್ನು ಹೆತ್ತವರು ನೀವು, ಕಟ್ಟಿಕೊಂಡವಳು ನಾನು. ಇದರಲ್ಲಿ ನಾವಿಬ್ಬರೂ ಒಂದೇ ಲೈನಿನವರು.

ಎರಡು ದಿನ ಬಿಟ್ಟು ನಿಮ್ಮ ಮಗಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ನಿಮಗೆ ಕೇಳದ ಹಾಗೆ ನನಗೆ ಫೋನ್ ಮಾಡಿದಳು. "ಅತ್ತಿಗೆ, ನೀವು ಹೀಗೆ ಮಾಡ್ತೀರ ಅಂತ ನಾನು ಅಂದ್ಕೊಂಡಿರ್ಲಿಲ್ಲ" ಎಂದು ಶುರು ಮಾಡಿ ಒಂದೊಂದೇ ವಾಕ್ಯ ಒಪ್ಪಿಸಿದಳು. ಅವಳು "ಗೊರಗೊರ" ತನಕ ಬರುವಾಗ ನನಗೆ ವಿಷಯ ಹೊಳೆಯಿತು. ನಕ್ಕೆ. ಕೈಲಿದ್ದ ಸೂಜಿ ಬೆರಳಿಗೆ ಚುಚ್ಚಿದರೂ ನಗು ನಿಲ್ಲಲಿಲ್ಲ. ಆಮೇಲೆ ಅವಳು, ನೀವು ಊಟಕ್ಕೆ ಕೂತಾಗ "ನಂಗೆ ಜಾಸ್ತಿ ಬಡಿಸ್ಬೇಡ, ಇಲ್ಲೂ ಲೋಡ್ ಆಗೋದು ಬೇಡ" ಎಂದಿರಿ ಎಂದು ಹೇಳಿದಳು. ಅಲ್ಲಿಗೆ ನನ್ನ ನಗು ಮುರಿಯಿತು. ನೀವು ಅರ್ಧ ತಟ್ಟೆ ಮುಂದಿಟ್ಟುಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿತು, ನಾನು ಹೊಲಿಯುತ್ತಿದ್ದ ಯಾರದೋ ಕೋಟಿನಲ್ಲಿ ಮುಖ ಹುದುಗಿಸಿ ಅತ್ತುಬಿಟ್ಟೆ. ನಿಮ್ಮ ಮಗ ಬಂದು ಏನಾಯಿತು ಎಂದರು. ಹೇಳಿದೆ. ಅವರು ನಗಲೂ ಇಲ್ಲ ಅಳಲೂ ಇಲ್ಲ, ಬೆಪ್ಪಾಗಿ ನಿಂತು "ಟಾಟಾ ಮಾಡಿದ್ನಲ್ಲೇ" ಎಂದರು.

ಕರೆಂಟಣ್ಣನಿಗೆ ಗೊತ್ತಾದಾಗ ಟೋಪಿ ತೆಗೆದು ಹಿಂದಿನ ಎಸಿಯ ಮುಂದೆ ನಿಂತು "ನಿಮ್ಮಿಂದ ಏನಾಯ್ತು ನೋಡಿ" ಎಂದು ಗದರಿದರು. ಇನ್ನು ಮೇಲೆ ಯಂತ್ರಕ್ಕೆ ಏಕವಚನವೇ ಎಂದು ಆಣೆಯನ್ನೂ ಮಾಡಿದರು. ಮರುದಿನ ನಮ್ಮ ಇಸ್ತ್ರಿ ಪೆಟ್ಟಿಗೆಯನ್ನು "ಬಾರೋ ಇಲ್ಲಿ" ಎಂದು ಕೈಗೆತ್ತಿಕೊಂಡರು, ಅದು ಫಟ್ಟನೆ ಹೊಡೆಯಿತು. ಇಸ್ತ್ರಿಯ ವೈರು ಹರಿದಿತ್ತು, ಬೇರೇನಿಲ್ಲ, ಆದರೆ ಅವರು ಅದನ್ನು ಒಪ್ಪುತ್ತಾರೆಯೇ? ಕೈ ಜಾಡಿಸಿಕೊಂಡು "ತಪ್ಪಾಯ್ತು, ಕ್ಷಮಿಸಿ" ಎಂದು ಬಹುವಚನಕ್ಕೆ ವಾಪಸಾದರು. ನಿಮ್ಮ ಕ್ಷಮೆ ಕೇಳಲು ತಾವೇ ಬರುತ್ತೇನೆಂದು ಹೊರಟಿದ್ದರು. ಬೇಡ ಅಣ್ಣ, ನೀವು ಬಾಯಿ ಬಿಟ್ಟರೆ ಇನ್ನೊಂದು ಅನಾಹುತವಾಗುತ್ತದೆ ಎಂದು ತಡೆದಿದ್ದೇನೆ.

ಇನ್ನೊಂದು ಸಂಗತಿ ಇದೆ. ಬರೆಯಬೇಡ ಎಂದು ನಿಮ್ಮ ಮಗ ಹೇಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುವಾರ ಸಿಮೆಂಟಿನ ಗೋದಾಮಿನಲ್ಲಿ ಲಾರಿ ತೂಗುವ ವೇಬ್ರಿಡ್ಜ್ ರಿಪೇರಿಗೆ ಹೋಗಿದ್ದೆವು. ರಿಪೇರಿ ಮುಗಿದ ಮೇಲೆ ಅವರು ನಮ್ಮ ಗಾಡಿಯನ್ನೇ ಅದರ ಮೇಲೆ ಹತ್ತಿಸಿ ಪರೀಕ್ಷೆ ಮಾಡುವುದು ನಿಮಗೆ ಗೊತ್ತಲ್ಲ. ಗಾಡಿಯ ತೂಕ ಅವರಿಗೆ ಬಾಯಿಪಾಠ. ಆವತ್ತು ಪರದೆಯ ಮೇಲೆ ಕಡಿಮೆ ತೋರಿಸಿತು. ಯಂತ್ರ ಸರಿಯಾಗಿಲ್ಲ ಎಂದು ಮತ್ತೆ ಬಿಚ್ಚಿದರು, ಮತ್ತೆ ಕಟ್ಟಿದರು, ತೂಕದ ಕಲ್ಲುಗಳನ್ನು ಇಟ್ಟು ನೋಡಿದರು. ಯಂತ್ರ ಸರಿಯಾಗೇ ಇತ್ತು. ಮತ್ತೆ ಗಾಡಿ ಹತ್ತಿಸಿದರು, ಮತ್ತೆ ಅಷ್ಟೇ ಕಡಿಮೆ. ಗೋದಾಮಿನವರು ಗಡಿಯಾರ ನೋಡತೊಡಗಿದರು. ನಿಮ್ಮ ಮಗ ಆ ಅಂಕಿ ನೋಡುತ್ತಾ ನಿಂತವರು ಕಡೆಗೆ ನನ್ನ ಕಡೆ ತಿರುಗಿ "ಅಮ್ಮ ಮತ್ತೆ ಅಮ್ಮನ ಟ್ರಂಕು ಕಣೇ" ಎಂದರು. ಅಷ್ಟು ಹೇಳಿ ಗಾಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆವತ್ತು ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಲಿಲ್ಲ.

ಬರುವಾಗ ದಾರಿಯುದ್ದಕ್ಕೂ ಪ್ರತಿ ಉಬ್ಬಿಗೂ ಗಾಡಿಯ ಹಿಂಭಾಗ ಎಗರಿ ಬೀಳುತ್ತಿತ್ತು. ಹಿಂದೆ ಭಾರ ಇಲ್ಲದ್ದಕ್ಕೆ ಹೀಗೆ ಎಂದರು. ನೀವು ಭಾರವೇ ಅತ್ತೆ, ನಾನು ಸುಳ್ಳು ಹೇಳುವುದಿಲ್ಲ. ಊರಿಗೊಂದು ಅಂಚೆ ಕಚೇರಿ ಹುಡುಕಿ, ಡಬ್ಬಿ ತೆರೆಯುವ ಹೊತ್ತು ಬರೆದಿಲ್ಲವೆಂದು ಅಲ್ಲಿಯವರ ಜೊತೆ ಜಗಳವಾಡಿ, ನಾವು ಹೊರಡುವುದನ್ನು ತಡ ಮಾಡುತ್ತೀರಿ. ನಾನು ಹೊಲಿದದ್ದರ ಒಳಗಡೆ ತಿರುಗಿಸಿ ಹೊಲಿಗೆ ನೋಡುತ್ತೀರಿ. ಆದರೆ ನಾನು ತವರಿಂದ ಬಂದ ಹೊಸದರಲ್ಲಿ ಈ ಗಾಡಿಯಲ್ಲಿ ನನಗೆ ಕಾಲಿಡಲು ಜಾಗ ಎಲ್ಲಿ ಎಂದು ಗೊತ್ತಾಗದೆ ನಿಂತಿದ್ದಾಗ, ಹೊಲಿಗೆ ಮೆಷಿನ್ನಿನ ಮೇಲಿನ ಗೂಡಿಗೆ ನನ್ನ ಹೆಸರಿನ ಚೀಟಿ ಅಂಟಿಸಿ "ಇದು ನಿನ್ನ ವಿಳಾಸ" ಎಂದವರು ನೀವು. ಆ ಚೀಟಿಯನ್ನು ನಾನು ಇವತ್ತಿಗೂ ಕಿತ್ತಿಲ್ಲ. ನನಗೆ ನೀವು ಬೇಕು ಅತ್ತೆ. ಇದನ್ನು ಬರೆಯಲು ನಾಚಿಕೆಯೇನೂ ಇಲ್ಲ, ಬಾಯಲ್ಲಿ ಹೇಳಲು ಇದೆ, ಅದಕ್ಕೇ ಕಾಗದವೇ ವಾಸಿ.

ಇನ್ನು "ಬೇರೆ ಮಾಡುವ" ಕೆಲಸ. ಅದು ಮುಗಿದಿದೆ. ಈಗ ನಿಮ್ಮ ಕೋಣೆಯ ಎಸಿ ಮುಂದಿನವರ ಹಂಗಿನಲ್ಲಿ ಇಲ್ಲ. ಗಾಡಿಯ ಹಿಂದೆ ಅದಕ್ಕೇ ಕರೆಂಟು ಒಳಗೆ ಬರುವ ಒಂದು ಬೇರೆ ಬಾಯಿ ಕೂರಿಸಿದ್ದಾರೆ, ಅದಕ್ಕೇ ದಪ್ಪ ವೈರು, ಅದಕ್ಕೇ ಫ್ಯೂಸು. ಶುರು ಮಾಡುವಾಗ ಜಾಸ್ತಿ ಎಳೆಯದ ಹಾಗೆ ಸಮಾಧಾನ ಮಾಡುವ ಪುಟ್ಟ ಪೆಟ್ಟಿಗೆಯೊಂದನ್ನೂ ಹಾಕಿದ್ದಾರೆ. ಅಂಥದ್ದು ಮನುಷ್ಯರಿಗೆ ಸಿಗುತ್ತದೆಯೇ ಎಂದು ನಿಮ್ಮ ಮಗ ಕೇಳಿದರು, ನಾನು ಅವರನ್ನು ಕಣ್ಣಲ್ಲೇ ಸುಟ್ಟೆ. ಈ ವೈರನ್ನು ಬೇರೊಂದು ಮನೆಯ ಬಟ್ಟೆ ಒಗೆಯುವ ಮೆಷಿನ್ನಿನ ಸಾಕೆಟ್ಟಿಗೆ ಚುಚ್ಚಿದರೂ ನಿಮ್ಮ ಎಸಿ ಓಡುತ್ತದೆ ಎಂದು ಕರೆಂಟಣ್ಣ ಹೇಳಿದ್ದಾರೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ. ಆ ಬಾಯಿಯ ಮುಚ್ಚಳದ ಮೇಲೆ ನಾನು ಒಂದು ಚೀಟಿ ಅಂಟಿಸಿದ್ದೇನೆ, "ಅತ್ತೆಯ ಲೈನು" ಎಂದು. ಬೇರೆ ಮಾಡಿದ್ದು ಒಟ್ಟಿಗೆ ಇರಲಿಕ್ಕೆ, ಅತ್ತೆ. ಇನ್ನು ಮೇಲೆ ನಾನು "ಇಸ್ತ್ರಿ!" ಎಂದು ಕೂಗಿದಾಗ ನೀವು ಆಫ್ ಆಗಬೇಕಿಲ್ಲ. ಆದರೂ ಕೂಗುತ್ತೇನೆ, ನೀವು ಏನಾದರೂ ಅನ್ನಿ.

ನಾಳೆಯಿಂದ ನಮ್ಮ ಮುಂದಿನ ಸುತ್ತು ಶುರು. ಆ ಕಡೆಯ ಊರುಗಳ ಅಂಗಡಿಯವರು ಯಂತ್ರಗಳನ್ನು ಒರೆಸಿಟ್ಟು ಕಾಯುತ್ತಿದ್ದಾರೆ. ನಿಮ್ಮನ್ನು ಬಿಟ್ಟು ಹೊರಡಲು ನಿಮ್ಮ ಮಗ ತಯಾರಿಲ್ಲ, ಕರೆಯಲು ಧೈರ್ಯ ಇಲ್ಲ. "ಅವ್ರು ಬಂದ್ರೆ ನಾನು ಹಿಂದಿನ ಬಾಗಿಲಿಂದ ಹೋಗ್ತೀನಿ" ಎಂದು ಶಪಥ ಮಾಡಿದ್ದೀರಂತಲ್ಲ, ಅದಕ್ಕೆ ಹೆದರಿದ್ದಾರೆ. ನಾನೂ ಹೆದರಿದ್ದೇನೆ, ಆದರೆ ಅವರಷ್ಟಲ್ಲ.

ನಿಮ್ಮ ಮಗಳಿಗೆ, ಅಳಿಯಂದಿರಿಗೆ ಕೇಳಿದೆನೆಂದು ಹೇಳಿ. ಬಚ್ಚಲಿನಿಂದ ಫೋನ್ ಮಾಡಿದ್ದಕ್ಕೆ ಅವಳನ್ನು ಬೈಯಬೇಡಿ, ಅವಳು ಅಷ್ಟು ಹೊತ್ತು ನಲ್ಲಿ ಬಿಟ್ಟದ್ದಕ್ಕೆ ಬೇಕಾದರೆ ಬೈಯಿರಿ. ಹೊಟ್ಟೆ ತುಂಬ ಊಟ ಮಾಡಿ. ನಿಮ್ಮ ಕೈ ನಮ್ಮ ತಲೆಯ ಮೇಲೆ ಇರಲಿ, ಬೇಕಿದ್ದರೆ ಮೊದಲು ಒಂದು ಮೊಟಕಿ ಆಮೇಲೆ ಇಡಿ.

ಇಂತಿ,
ನಿಮ್ಮ ಮಾತಿಗೆ ಮಾತು ಕೊಡುವ,
ಮುಂದಿನ ಲೈನಿನ
ಸೊಸೆ

ಅವಸರದಲ್ಲಿ ಇನ್ನೊಂದು ಮಾತು: ಸ್ಟಾಂಪ್ ಯಾಕಿಲ್ಲ ಎಂದರೆ ಇವತ್ತು ಭಾನುವಾರ, ಅಂಚೆಯವರು ಬರುವುದಿಲ್ಲ. ಇದನ್ನು ನಿಮ್ಮ ಮಗನೇ ಬಾಗಿಲ ಕೆಳಗೆ ತೂರಿಸಿ ಓಡಿ ಬರುತ್ತಾರೆ, ಚಪ್ಪಲಿ ಬಿಟ್ಟು ಬಂದರೆ ಎತ್ತಿಡಿ. ಗಾಡಿ ನಿಂತಿರುವುದು ನಿಮ್ಮ ಮಗಳ ಮನೆಯ ಪಕ್ಕದ ಓಣಿಯಲ್ಲಿ, ನೀವು ಮಧ್ಯಾಹ್ನ ಗಾಳಿಗೆ ಕೂರುತ್ತೀರಂತಲ್ಲ, ಆ ಬಟ್ಟೆ ಒಗೆಯುವ ಜಾಗದ ಗೋಡೆಗೆ ತಾಗಿಕೊಂಡು. ಕಿಟಕಿಯ ಸರಳಿನ ಸಂದಿನಿಂದ ಒಂದು ದಪ್ಪ ಕರಿ ವೈರು ಒಳಗೆ ಬಂದು ಮೆಷಿನ್ನಿನ ಪಕ್ಕ ಬಿದ್ದಿರುತ್ತದೆ, ಹಾವೆಂದು ಹೆದರಬೇಡಿ. ಅದರ ಪ್ಲಗ್ಗಿಗೆ ಚೀಟಿ ಕಟ್ಟಿದ್ದೇನೆ, ತಲುಪಬೇಕಾದವರ ಪೂರ್ತಿ ವಿಳಾಸ ಬರೆದಿದ್ದೇನೆ. ನಿಮಗಿನ್ನೂ ಸಿಟ್ಟಿದ್ದರೆ ಅದನ್ನು ವಾಪಸ್ ಹೊರಗೆ ತಳ್ಳಿ. ನಾವು ಸುತ್ತಿಕೊಂಡು ಸದ್ದಿಲ್ಲದೆ ಹೋಗುತ್ತೇವೆ ಎಂದು ಬರೆಯಲು ಹೊರಟಿದ್ದೆ, ಸುಳ್ಳು, ಹೋಗುವುದಿಲ್ಲ. ಸಿಟ್ಟು ಇಳಿದಿದ್ದರೆ ಚುಚ್ಚಿ ಸ್ವಿಚ್ ಒತ್ತಿ, ಬಾಯಲ್ಲಿ ಏನೂ ಹೇಳಬೇಕಿಲ್ಲ. ಇಲ್ಲಿ ನಿಮ್ಮ ಕೋಣೆಯಲ್ಲಿ ಎಸಿಯ ಹಸಿರು ದೀಪ ಹತ್ತುತ್ತದೆ, ನಮಗೆ ಗೊತ್ತಾಗುತ್ತದೆ. ಮುಂದಿನ ಎಸಿಗೂ ಇಲ್ಲಿ ಕರೆಂಟಿಲ್ಲ, ಇಬ್ಬರೂ ನಿಮ್ಮ ಮಂಚದ ಮೇಲೆ ಆ ದೀಪವನ್ನೇ ನೋಡುತ್ತಾ ಕೂತಿರುತ್ತೇವೆ. ಬೇಗ ಅತ್ತೆ. ನಿಮ್ಮ ಮಗ ಆಗಲೇ ಸುಮ್ ಸುಮ್ನೆ ನೀರು ಸುರಿಸುತ್ತಿದ್ದಾರೆ, ಕೇಳಿದರೆ ಬೆವರು ಅನ್ನುತ್ತಾರೆ.